‘ಸ್ಲೀಪ್ ಟೈಟ್’ ಅಂತಾರಲ್ಲ, ಆ ‘ಟೈಟ್’ ಎಲ್ಲಿಂದ ಬಂತು?

ಇಂಗ್ಲಿಷ್ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಐದನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಮುಂದಿನ ಪಾಠದಲ್ಲಿ ‘ಗುಡ್ ನೈಟ್, ಸ್ಲೀಪ್ ಟೈಟ್, ಡೋಂಟ್ ಲೆಟ್ ದ ಬೆಡ್‌ಬಗ್ಸ್ ಬೈಟ್’ ಅನ್ನೋ ಸಾಲು ಬರುತ್ತದೆ. ಚೆನ್ನಾಗಿ ನಿದ್ದೆ ಮಾಡು, ತಿಗಣೆ ಕಚ್ಚದಿರಲಿ ಅಂತ ಅರ್ಥ ಹೇಳಿ ಮುಂದೆ ಹೋಗಬಹುದು. ಆದರೆ ಮಕ್ಕಳು ಬಿಡಲ್ಲ. ‘ಟೈಟ್ ಅಂದ್ರೆ ಬಿಗಿ ಅಲ್ವಾ ಮಿಸ್? ಬಿಗಿಯಾಗಿ ಹೇಗೆ ನಿದ್ದೆ ಮಾಡ್ತಾರೆ?’ ಅಂತ ಕೇಳೇ ಕೇಳುತ್ತಾರೆ.

ಹುಡುಕಿದರೆ ಎಲ್ಲ ಕಡೆ ಸಿಗೋದು ಒಂದೇ ಕಥೆ. ಹಿಂದೆ ಇಂಗ್ಲೆಂಡ್, ಅಮೆರಿಕದಲ್ಲಿ ಮಂಚಕ್ಕೆ ಹಲಗೆ ಇರಲಿಲ್ಲವಂತೆ, ಹಗ್ಗ ಹೆಣೆದಿರುತ್ತಿದ್ದರಂತೆ. ಹಗ್ಗ ಸಡಿಲವಾದರೆ ನಡು ಜೋತು ಬೀಳುತ್ತಿತ್ತಂತೆ. ಅದಕ್ಕೇ ಹಗ್ಗ ಬಿಗಿ ಮಾಡಿಕೊಂಡು ಮಲಗು ಅನ್ನೋ ಅರ್ಥದಲ್ಲಿ ‘ಸ್ಲೀಪ್ ಟೈಟ್’ ಹುಟ್ಟಿತಂತೆ. ಕೇಳೋಕೆ ತುಂಬ ಚೆನ್ನಾಗಿದೆ. ಇಷ್ಟು ಅಚ್ಚುಕಟ್ಟಾಗಿದೆ ಅನ್ನೋದೇ ನನಗೆ ಅನುಮಾನ. ಮಕ್ಕಳ ತಲೆಗೆ ಒಮ್ಮೆ ಹೋದ ಕಥೆ ಜನ್ಮಪೂರ್ತಿ ಉಳಿಯುತ್ತದೆ. ಅದಕ್ಕೆ ಹೇಳುವ ಮುಂಚೆ ತಿಳಿದವರನ್ನು ಕೇಳೋಣ ಅಂತ ಬಂದೆ.

ಮರಗೆಲಸ:
ಮೇಡಂ, ಮೊದಲು ಮಂಚದ ವಿಷಯ ಹೇಳುತ್ತೇನೆ. ಹಗ್ಗದ ಮಂಚ ಕಟ್ಟುಕಥೆ ಅಲ್ಲ, ನಿಜವಾಗಿಯೂ ಇತ್ತು. ಅಲ್ಲಿನ ಹಳೇ ಮನೆಗಳನ್ನು ಮ್ಯೂಸಿಯಂ ಮಾಡಿರುವ ಕಡೆ ಈಗಲೂ ನೋಡಬಹುದು. ನಾನು ಹಳೇ ಪೀಠೋಪಕರಣ ರಿಪೇರಿ ಮಾಡುವವನು. ಅಂಥ ಒಂದು ಮಂಚಕ್ಕೆ ಹಗ್ಗ ಹಾಕಿ ಬಿಗಿದಿದ್ದೇನೆ.

ನಾಲ್ಕೂ ಬದಿಯ ದಪ್ಪ ಪಟ್ಟಿಗಳಲ್ಲಿ ಸಾಲಾಗಿ ತೂತು ಇರುತ್ತದೆ. ಕೆಲವದರಲ್ಲಿ ತೂತಿನ ಬದಲು ಮರದ ಗುಬ್ಬಿಗಳು. ಒಂದೇ ಉದ್ದನೆಯ ಹಗ್ಗವನ್ನು ಮೊದಲು ತಲೆಯಿಂದ ಕಾಲಿನ ಕಡೆಗೆ, ಆಮೇಲೆ ಅಡ್ಡಡ್ಡ ಹಾಯಿಸಿ ಬಲೆಯಂತೆ ಮಾಡುತ್ತಾರೆ. ಅದರ ಮೇಲೆ ಹುಲ್ಲು ತುಂಬಿದ ಚೀಲ. ಅನುಕೂಲಸ್ಥರ ಮನೆಯಾದರೆ ಅದರ ಮೇಲೆ ಪುಕ್ಕದ ಹಾಸಿಗೆ.

ಬಿಗಿಯೋಕೆ ‘ಬೆಡ್ ಕೀ’ ಅಂತ ಒಂದು ಉಪಕರಣ ಇದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದ ಮರದ ತುಂಡು, ತುದಿಯಲ್ಲಿ ಒಂದು ಸೀಳು. ಆ ಸೀಳಿಗೆ ಹಗ್ಗ ಸಿಕ್ಕಿಸಿ ಎರಡೂ ಕೈಯಿಂದ ತಿರುಚಬೇಕು. ಹಗ್ಗ ಕಿರ್ ಅಂತ ಎಳೆದುಕೊಳ್ಳುತ್ತದೆ. ಅದು ಮತ್ತೆ ಹಿಂದೆ ಸರಿಯದ ಹಾಗೆ ತೂತಿಗೆ ಒಂದು ಬೆಣೆ ಇಟ್ಟು ಕೊಡತಿಯಿಂದ ಬಡಿಯಬೇಕು. ಆಮೇಲೆ ಮುಂದಿನ ತೂತಿನಲ್ಲಿ ತಿರುಚಿ ಬಿಗಿ ಹಿಡಿದು, ಹಿಂದಿನ ಬೆಣೆ ತೆಗೆದು ಇಲ್ಲಿಗೆ ಹಾಕಬೇಕು. ಹೀಗೆ ಇಡೀ ಮಂಚ ಸುತ್ತಬೇಕು. ಇಬ್ಬರಿದ್ದರೆ ಒಳ್ಳೆಯದು. ಒಬ್ಬರೇ ಮಾಡಿದರೆ ತೋಳು ಬಿದ್ದುಹೋಗುತ್ತದೆ.

ನನ್ನ ಅನುಮಾನ ಇಲ್ಲೇ ಇರೋದು. ಇದು ಹಾಸಿಗೆ, ಹುಲ್ಲುಚೀಲ ಎಲ್ಲ ಕೆಳಗಿಳಿಸಿ ಹಗಲು ಹೊತ್ತಿನಲ್ಲಿ ಮಾಡುವ ಕೆಲಸ. ದಿನಾ ಮಾಡುವುದೂ ಅಲ್ಲ, ಜೋತು ಬಿದ್ದಾಗ ಮಾಡುವುದು. ಕಣ್ಣು ಎಳೆಯುತ್ತಿರುವ ಮಗುವಿಗೆ ಹೊದಿಕೆ ಹೊದಿಸಿ ‘ಹಗ್ಗ ಬಿಗಿ ಮಾಡಿಕೋ’ ಅಂತ ಯಾರು ಹೇಳುತ್ತಾರೆ?

ಪದಬೇಟೆ:
ಮರಗೆಲಸ ಸರ್ ಹೇಳಿದ್ದು ಸರಿಯಾಗಿದೆ. ನಾನು ಭಾಷೆಯ ಕಡೆಯಿಂದ ಬರುತ್ತೇನೆ. ನನ್ನ ಉತ್ತರ ಇಷ್ಟೇ: ಹಗ್ಗ ಬೇಕಾಗಿಲ್ಲ. ‘ಟೈಟ್’ ಅನ್ನೋ ಪದವೇ ಸಾಕು.

ನಮಗೆ ಟೈಟ್ ಅಂದ ಕೂಡಲೇ ಬಿಗಿಯಾದ ಅಂಗಿ, ಬಿಗಿಯಾದ ಗಂಟು ನೆನಪಾಗುತ್ತದೆ. ಇಂಗ್ಲಿಷಿನಲ್ಲಿ ಅದರ ಹಳೇ ಅರ್ಥ ದಟ್ಟ, ಗಟ್ಟಿ, ಸಂದಿಲ್ಲದ್ದು. ಮೂಲ ಹಳೇ ನಾರ್ಸ್ ಭಾಷೆಯ ‘ಥೇತ್ರ್’. ನೀರು ಒಳಗೆ ಬಾರದಷ್ಟು ದಟ್ಟವಾದದ್ದು ಅಂತ ಅದರ ಅರ್ಥ. ಜರ್ಮನ್ನಿನ ‘ಡಿಖ್ಟ್’ ಅದಕ್ಕೆ ಹತ್ತಿರದ ನೆಂಟ. ‘ವಾಟರ್‌ಟೈಟ್’ ಅಂತೀವಲ್ಲ, ಅಲ್ಲಿ ಆ ಹಳೇ ಅರ್ಥ ಹಾಗೇ ಉಳಿದಿದೆ. ಆಮೇಲೆ ಸರಿಯಾಗಿ, ಭದ್ರವಾಗಿ, ಚೆನ್ನಾಗಿ ಅನ್ನೋ ಅರ್ಥಗಳೂ ಬಂದವು. ಷೇಕ್ಸ್‌ಪಿಯರನ ‘ದ ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದ ಮೊದಲ ಅಂಕದಲ್ಲಿ ಫಾಲ್‌ಸ್ಟಾಫ್ ತನ್ನ ಹುಡುಗನ ಕೈಗೆ ಕಾಗದ ಕೊಟ್ಟು, ಇದನ್ನು ‘ಟೈಟ್ಲಿ’ ತಲುಪಿಸು ಅನ್ನುತ್ತಾನೆ. ಬಿಗಿಯಾಗಿ ಹಿಡಿದುಕೋ ಅಂತಲ್ಲ. ಜೋಪಾನವಾಗಿ, ಸರಿಯಾಗಿ ಮುಟ್ಟಿಸು ಅಂತ.

ಇನ್ನೊಂದು ಜೋಡಿ ನೋಡಿ. ‘ಫಾಸ್ಟ್ ಅಸ್ಲೀಪ್’ ಅಂದರೆ ಗಾಢ ನಿದ್ದೆಯಲ್ಲಿದ್ದಾನೆ ಅಂತ. ಅಲ್ಲಿ ಫಾಸ್ಟ್ ಅಂದರೆ ವೇಗ ಅಲ್ಲ. ಹಳೇ ಇಂಗ್ಲಿಷಿನ ‘ಫಾಸ್ಟ್’ ಅಂದರೆ ಅಲುಗಾಡದ್ದು, ಗಟ್ಟಿಯಾಗಿ ನಿಂತದ್ದು. ‘ಹೋಲ್ಡ್ ಫಾಸ್ಟ್’ ಅನ್ನುವಾಗಲೂ ಅದೇ ಅರ್ಥ. ಹಾಗೇ ‘ಹೋಲ್ಡ್ ಟೈಟ್’ ಅಂತಲೂ ಹೇಳುತ್ತಾರೆ. ಎರಡೂ ಪದ ಒಂದೇ ದಾರಿಯಲ್ಲಿ ನಡೆದಿವೆ. ನಿದ್ದೆಗೆ ಒಂದನ್ನು ಹೇಳಬಹುದಾದರೆ ಇನ್ನೊಂದನ್ನೂ ಹೇಳಬಹುದು. ಅದರ ಮೇಲೆ ‘ನೈಟ್’ಗೆ ಪ್ರಾಸವಾಗಿ ಕೂರೋದು ‘ಟೈಟ್’ ಮಾತ್ರ. ಮಲಗಿಸುವಾಗ ಹೇಳುವ ಮಾತಿಗೆ ಪ್ರಾಸಕ್ಕಿಂತ ದೊಡ್ಡ ಕಾರಣ ಬೇಕಾ?

ಹೊಸಬ:
ಅಡ್ಡ ಬಾಯಿ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಟೈಟ್ ಅಂದರೆ ಕುಡಿದವನು ಅಂತಲೂ ಇದೆಯಲ್ಲ. ‘ಫುಲ್ ಟೈಟ್’ ಅಂತಾರೆ. ಅದು ಇಂಗ್ಲಿಷಿನಲ್ಲೂ ಇದೆಯಾ? ಈ ಮಾತಿಗೂ ಅದಕ್ಕೂ ಏನಾದರೂ ಸಂಬಂಧ?

ಪದಬೇಟೆ:
ಇದೆ. 19ನೇ ಶತಮಾನದಿಂದಲೇ ಇಂಗ್ಲಿಷಿನ ಆಡುಮಾತಿನಲ್ಲಿ ಆ ಅರ್ಥ ಇದೆ. ಆದರೆ ಈ ಹಾರೈಕೆಗೆ ಸಂಬಂಧ ಇಲ್ಲ. ಮಕ್ಕಳಿಗೆ ಹೇಳುತ್ತಿದ್ದ ಮಾತು ಇದು.

ಹಳೇಮನೆ:
ನಾನು ಸ್ವಲ್ಪ ಎದುರು ವಾದ ಮಾಡುತ್ತೇನೆ. ಹಗ್ಗದ ಕಥೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಹಳೇ ಮನೆ ತೋರಿಸುವ ಗೈಡ್‌ಗಳು, ಷೇಕ್ಸ್‌ಪಿಯರ್ ಹುಟ್ಟಿದ ಮನೆಯಂಥ ಕಡೆಯೂ, ತಲೆಮಾರುಗಳಿಂದ ಇದನ್ನು ಹೇಳುತ್ತಾ ಬಂದಿದ್ದಾರೆ. ಜನರ ಬಾಯಲ್ಲಿರುವ ಎಲ್ಲ ಮಾತೂ ಕಾಗದಕ್ಕೆ ಬಂದಿರುತ್ತದೆಯೇ? ಅಡುಗೆಮನೆಯಲ್ಲಿ, ತೊಟ್ಟಿಲ ಹತ್ತಿರ ಆಡಿದ ಮಾತನ್ನು ಆ ಕಾಲದಲ್ಲಿ ಯಾರು ಬರೆದಿಡುತ್ತಿದ್ದರು? ಬರೆದಿಲ್ಲ ಅಂದ ಮಾತ್ರಕ್ಕೆ ಇರಲೇ ಇಲ್ಲ ಅನ್ನೋದು ನ್ಯಾಯ ಅಲ್ಲ.

ಪದಬೇಟೆ:
ಹಳೇಮನೆ ಸರ್, ನಿಮ್ಮ ಮಾತಿನ ಅರ್ಧ ಒಪ್ಪುತ್ತೇನೆ. ಬರಹಕ್ಕೆ ಬರುವ ಮುಂಚೆ ಮಾತು ಬಾಯಲ್ಲಿ ಇದ್ದೇ ಇರುತ್ತದೆ. ಇದಕ್ಕೂ ಅದು ನಿಜ. ಅದಕ್ಕೆ ಸಾಕ್ಷಿಯೂ ಇದೆ.

ಎಲ್ಲರೂ ಎತ್ತಿ ತೋರಿಸುವ ಅತ್ಯಂತ ಹಳೇ ಸಾಲು 1866ರದ್ದು. ಅಮೆರಿಕದ ಫ್ಲಾರಿಡಾದ ಸೂಸನ್ ಬ್ರಾಡ್‌ಫರ್ಡ್ ಎಪ್ಸ್ ಎಂಬಾಕೆಯ ದಿನಚರಿ. ಆಕೆ ಊರು ಬಿಟ್ಟು ಹೊರಟಿದ್ದಾಳೆ, ದಿನಚರಿಯನ್ನು ಮನೆಯಲ್ಲೇ ಬಿಡುತ್ತಿದ್ದಾಳೆ. ‘ಹೋಗಿ ಬರುತ್ತೇನೆ, ಪುಟ್ಟ ದಿನಚರಿಯೇ. ಸ್ಲೀಪ್ ಟೈಟ್ ಅಂಡ್ ವೇಕ್ ಬ್ರೈಟ್. ವಾಪಸ್ ಬಂದಾಗ ನೀನು ನನಗೆ ಬೇಕು’ ಅನ್ನೋ ಅರ್ಥದಲ್ಲಿ ಬರೆದಿದ್ದಾಳೆ. ಈ ಸಾಲು ನನಗೆ ತುಂಬ ಇಷ್ಟ. ಪುಸ್ತಕವನ್ನು ಮಗುವಿನ ಹಾಗೆ ಮಲಗಿಸಿ ಹೋಗುತ್ತಿದ್ದಾಳೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಆಕೆ ಆ ಮಾತನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿದ್ದಾಳೆ. ಅಂದರೆ ಅದು ಆಕೆ ಕಟ್ಟಿದ್ದಲ್ಲ, ಆಗಲೇ ಬಳಕೆಯಲ್ಲಿದ್ದ ಮಾತು. ಎರಡು, ಮಲಗಿದ್ದು ಪುಸ್ತಕ. ಅದಕ್ಕೆ ಮಂಚವೂ ಇಲ್ಲ, ಹಗ್ಗವೂ ಇಲ್ಲ. ಗಾಢವಾಗಿ ಮಲಗಿ ಚುರುಕಾಗಿ ಏಳು, ಅಷ್ಟೇ.

ಇನ್ನು ನಿಮ್ಮ ವಾದದ ಉಳಿದರ್ಧ. ಹಗ್ಗದ ಮಂಚ ಯುರೋಪಿನಲ್ಲಿ ನೂರಾರು ವರ್ಷ ಇತ್ತು. ಹಗ್ಗವೇ ಕಾರಣವಾಗಿದ್ದರೆ 1600ರಲ್ಲೋ 1700ರಲ್ಲೋ ಒಂದು ಕಾಗದದಲ್ಲಿ, ಒಂದು ನಾಟಕದಲ್ಲಾದರೂ ಈ ಮಾತು ಇಣುಕಬೇಕಿತ್ತು. ಆ ಕಾಲದ ನಾಟಕಗಳಲ್ಲಿ ರಾತ್ರಿ ಬೀಳ್ಕೊಡುವ ಮಾತುಗಳಿಗೆ ಬರ ಇಲ್ಲ. ‘ಗಾಡ್ ಗಿವ್ ಯು ಗುಡ್ ನೈಟ್’ ಸಿಗುತ್ತದೆ, ಬರೀ ‘ಗುಡ್ ನೈಟ್’ ಧಾರಾಳವಾಗಿ ಸಿಗುತ್ತದೆ. ಇದು ಮಾತ್ರ ಇಲ್ಲ. ಹಗ್ಗ ಹೋಗಿ ಕಬ್ಬಿಣದ ಮಂಚ ಬರುತ್ತಿದ್ದ ಕಾಲದಲ್ಲಿ ಇದು ಬರಹಕ್ಕೆ ಬಂದಿದೆ.

ಮರಗೆಲಸ:
ಕಬ್ಬಿಣದ ಮಂಚ ಅಂದಿದ್ದಕ್ಕೆ ಒಂದು ಮಾತು. ಆ ಕಾಲದಲ್ಲಿ ಜನ ಕಬ್ಬಿಣದ ಮಂಚ ಇಷ್ಟಪಟ್ಟಿದ್ದಕ್ಕೆ ದೊಡ್ಡ ಕಾರಣ ತಿಗಣೆ. ಮರದ ಮಂಚದ ಕೀಲು, ಬಿರುಕು, ಆ ಹಗ್ಗದ ತೂತು, ಎಲ್ಲವೂ ತಿಗಣೆಗೆ ಹೇಳಿಮಾಡಿಸಿದ ಜಾಗ. ಹಗ್ಗ ಎಷ್ಟು ಬಿಗಿದರೂ ತೂತು ತೂತೇ.

ಎರಡು ಮಕ್ಕಳ ಅಮ್ಮ:
ತಿಗಣೆ ವಿಷಯ ಬಂತಲ್ಲ, ನನ್ನದೊಂದು ಪ್ರಶ್ನೆ ಅದರ ಬಗ್ಗೆಯೇ. ನನ್ನ ಚಿಕ್ಕವಳಿಗೆ ಈ ಸಾಲು ಯಾರೋ ಹೇಳಿಕೊಟ್ಟರು. ಅವತ್ತಿನಿಂದ ಹಾಸಿಗೆ ಎತ್ತಿ ನೋಡದೆ ಮಲಗುವುದಿಲ್ಲ. ಕಾಲು ಹೊದಿಕೆಯ ಹೊರಗೆ ಇಡಲ್ಲ. ಮಗುವನ್ನು ಮಲಗಿಸುವ ಮಾತಿನಲ್ಲಿ ಕಚ್ಚುವ ಹುಳು ಯಾಕೆ ಬಂತು? ಮೊದಲಿಂದಲೂ ಇತ್ತಾ, ಆಮೇಲೆ ಯಾರಾದರೂ ಸೇರಿಸಿದರಾ?

ಹಳೇಪುಟ:
ಮೇಡಂ, 1866ರ ಸಾಲಿನಲ್ಲಿ ಹುಳು ಇಲ್ಲ, ನೋಡಿದಿರಲ್ಲ. ಅಲ್ಲಿ ಪ್ರಾಸಕ್ಕೆ ಬಂದಿರೋದು ‘ವೇಕ್ ಬ್ರೈಟ್’. ಹುಳು ಅಚ್ಚಿನಲ್ಲಿ ಕಾಣೋದು 1880ರ ದಶಕದಲ್ಲಿ. 1884ರಲ್ಲಿ ಹೆನ್ರಿ ಪಾರ್ಕರ್ ಫೆಲೋಸ್ ಅನ್ನುವವರು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ನದಿಗಳಲ್ಲಿ ದೋಣಿ ಪ್ರವಾಸ ಮಾಡಿದ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ ಹುಳು ಕಚ್ಚದ ಕಡೆ ನೀವು ಟೈಟ್ ಆಗಿ ನಿದ್ದೆ ಮಾಡುವಂತಾಗಲಿ ಅನ್ನೋ ಹಾರೈಕೆ ಇದೆ. ಇದು ಬಲು ಸೌಮ್ಯವಾಗಿದೆ. ಹುಳು ಬಂದೀತು ಹುಷಾರು ಅನ್ನುತ್ತಿಲ್ಲ, ಹುಳು ಇಲ್ಲದ ಜಾಗ ಸಿಗಲಿ ಅನ್ನುತ್ತಿದೆ. 1896ರಲ್ಲಿ ಕ್ಲಿಫ್ಟನ್ ಜಾನ್ಸನ್ ಅದೇ ನ್ಯೂ ಇಂಗ್ಲೆಂಡಿನ ಜನರ ನಂಬಿಕೆ, ಗಾದೆ, ಮಾತುಗಳನ್ನು ಸಂಗ್ರಹಿಸಿ ಪುಸ್ತಕ ತಂದರು. ಅದರಲ್ಲಿ ಈಗ ನಾವು ಹೇಳುವ ರೂಪ ಸಿಗುತ್ತದೆ.

ಒಂದೇ ಮಾತಿಗೆ ಬೇರೆ ಬೇರೆ ಬಾಲ ಇದ್ದವು ಅನ್ನೋದು ಇದರಿಂದ ಗೊತ್ತಾಗುತ್ತದೆ. ‘ನೈಟ್, ಟೈಟ್’ ಆದಮೇಲೆ ಬ್ರೈಟ್, ಲೈಟ್, ರೈಟ್, ಬೈಟ್, ಯಾವುದು ಬೇಕಾದರೂ ಬರಬಹುದು. ಬೆಳಗಿನ ಬೆಳಕಿಗೆ ಚುರುಕಾಗಿ ಏಳು, ಸರಿಯಾದ್ದನ್ನು ಶಕ್ತಿಯಿದ್ದಷ್ಟೂ ಮಾಡು ಅಂತ ಬೆಳೆಸಿಕೊಂಡು ಹೋಗುವ ಉದ್ದ ರೂಪವೂ ಇದೆ. ಮಕ್ಕಳಿಗೆ ನಗು ಬರೋದು ಕಚ್ಚುವ ಹುಳುವಿನ ಹತ್ತಿರ ತಾನೇ? ಅದಕ್ಕೇ ಆ ಬಾಲವೇ ಗಟ್ಟಿಯಾಗಿ ಉಳಿಯಿತು ಅನ್ನೋದು ನನ್ನ ಅಭಿಪ್ರಾಯ.

ಇದರ ಹಿಂದೆ ನಿಜವಾದ ಸಂಕಟವೂ ಇತ್ತು. 1730ರಲ್ಲೇ ಲಂಡನ್ನಿನ ಜಾನ್ ಸೌತಾಲ್ ಬರೀ ತಿಗಣೆ ಬಗ್ಗೆ ಒಂದು ಪುಸ್ತಕ ಅಚ್ಚು ಹಾಕಿಸಿದ್ದ. 19ನೇ ಶತಮಾನದಲ್ಲಿ ಅದೇ ಲಂಡನ್ನಿನಲ್ಲಿ ‘ಟಿಫಿನ್ ಅಂಡ್ ಸನ್’ ಅಂತ ಒಂದು ಸಂಸ್ಥೆ ಇತ್ತು. ‘ಮಹಾರಾಣಿಯವರ ತಿಗಣೆ ನಾಶಕರು’ ಅಂತ ಬೋರ್ಡು ಹಾಕಿಕೊಂಡಿತ್ತು. ಅರಮನೆಗೇ ತಿಗಣೆ ಕಾಟ ಇದ್ದಮೇಲೆ ಬಡವರ ಮನೆ ಪಾಡು ಕೇಳಬೇಕಾ? ಅಂಥ ಕಾಲದಲ್ಲಿ ‘ತಿಗಣೆ ಕಚ್ಚದಿರಲಿ’ ಅನ್ನೋದು ಹೆದರಿಸುವ ಮಾತಲ್ಲ. ನಿಜಕ್ಕೂ ಬೇಕಾಗಿದ್ದ ಹಾರೈಕೆ.

ಕೀಟಲೋಕ:
ನಾನು ಕೀಟಶಾಸ್ತ್ರ ಓದಿದವನು. ಅಮ್ಮನವರಿಗೆ ಮಗಳ ಹತ್ತಿರ ಹೇಳೋಕೆ ಅನುಕೂಲವಾಗಲಿ ಅಂತ ಬರೆಯುತ್ತಿದ್ದೇನೆ.

ಈ ಸಾಲಿನ ತಿಗಣೆಯ ವೈಜ್ಞಾನಿಕ ಹೆಸರು ಸೈಮೆಕ್ಸ್ ಲೆಕ್ಟುಲೇರಿಯಸ್. ಬೆಳೆದದ್ದು ಸುಮಾರು 5 ಮಿಲಿಮೀಟರ್ ಇರುತ್ತದೆ. ಚಪ್ಪಟೆ, ಕೆಂಪು ಕಂದು ಬಣ್ಣ. ರೆಕ್ಕೆ ಹಾರುವಷ್ಟು ಬೆಳೆಯುವುದಿಲ್ಲ, ಜಿಗಿಯೋಕೂ ಬರಲ್ಲ, ನಡೆದೇ ಬರಬೇಕು. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಇವೇ ಅದಕ್ಕೆ ದಾರಿ ತೋರಿಸುವುದು. ಕೆಲವು ನಿಮಿಷ ರಕ್ತ ಹೀರಿ ಮತ್ತೆ ಸಂದಿಗೆ ಹೋಗಿ ಸೇರಿಕೊಳ್ಳುತ್ತದೆ. ಮೊಟ್ಟೆಯೊಡೆದು ಬಂದ ಮರಿ 5 ಹಂತ ದಾಟಿ ದೊಡ್ಡದಾಗುತ್ತದೆ. ಪ್ರತಿ ಹಂತ ದಾಟಲೂ ಒಮ್ಮೆಯಾದರೂ ರಕ್ತ ಕುಡಿಯಲೇಬೇಕು. ತುರಿಕೆ, ದದ್ದು, ನಿದ್ದೆಗೇಡು ನಿಜ. ಆದರೆ ಸೊಳ್ಳೆಯ ಹಾಗೆ ರೋಗ ಹರಡುವ ಹುಳು ಅಂತ ಇದನ್ನು ಪರಿಗಣಿಸುವುದಿಲ್ಲ.

ಮಗಳ ಜೊತೆ ಕೂತು ಹಗಲಲ್ಲಿ ಹಾಸಿಗೆಯ ಹೊಲಿಗೆಯ ಅಂಚನ್ನು ಟಾರ್ಚ್ ಹಿಡಿದು ನೋಡಿ. ತಿಗಣೆ ಇದ್ದರೆ ಅಲ್ಲಿ ಪೆನ್ನಿನ ತುದಿ ಒತ್ತಿದಂಥ ಕಪ್ಪು ಚುಕ್ಕೆಗಳು, ಕಳಚಿದ ತೆಳು ಸಿಪ್ಪೆ ಕಾಣುತ್ತವೆ. ಇಲ್ಲದಿದ್ದರೆ ‘ನೋಡು, ಇಲ್ಲ’ ಅಂತ ತೋರಿಸಿಬಿಡಿ. ರಾತ್ರಿ ಹೇಳುವ ಸಮಾಧಾನಕ್ಕಿಂತ ಹಗಲಲ್ಲಿ ಕಣ್ಣಾರೆ ನೋಡಿದ್ದು ಮಕ್ಕಳಿಗೆ ಜಾಸ್ತಿ ಧೈರ್ಯ ಕೊಡುತ್ತದೆ.

ಇನ್ನೊಂದು ವಿಷಯ. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಬಂದು ಅಮೆರಿಕ, ಯುರೋಪಿನ ಮನೆಗಳಲ್ಲಿ ತಿಗಣೆ ಬಹುಪಾಲು ಮಾಯವಾಗಿತ್ತು. ಅಲ್ಲಿ ಒಂದಿಡೀ ತಲೆಮಾರು ತಿಗಣೆ ನೋಡದೆಯೇ ಈ ಸಾಲು ಹೇಳಿಕೊಂಡು ಬೆಳೆಯಿತು. 1990ರ ದಶಕದ ಕೊನೆಯಿಂದ ಅದು ಮತ್ತೆ ಬಂದಿದೆ, ಹಳೇ ಔಷಧಿಗೆ ಜಗ್ಗುತ್ತಿಲ್ಲ. 2023ರಲ್ಲಿ ಪ್ಯಾರಿಸ್‌ನಲ್ಲಿ ಎದ್ದ ಗದ್ದಲ ನೆನಪಿರಬಹುದು.

ಎರಡು ಮಕ್ಕಳ ಅಮ್ಮ:
ತುಂಬ ಥ್ಯಾಂಕ್ಸ್ ಸರ್. ನಾಳೆ ರಜೆ, ಬೆಳಿಗ್ಗೆಯೇ ಇಬ್ಬರೂ ಕೂತು ನೋಡುತ್ತೇವೆ. ಮತ್ತೆ ಆ ‘ವೇಕ್ ಬ್ರೈಟ್’ ರೂಪ ಸಿಕ್ಕಿದ್ದು ಒಳ್ಳೆಯದಾಯಿತು. ರಾತ್ರಿಗೆ ಅದನ್ನೇ ಹೇಳುತ್ತೇನೆ.

ಹೊಸಬ:
ಬಿಗಿಯಾಗಿ ಹೊದಿಕೆ ಸುತ್ತಿದರೆ ಹುಳು ಒಳಗೆ ಬರಲ್ಲ, ಅದಕ್ಕೇ ಟೈಟ್ ಅಂತ ಒಂದು ಕಡೆ ಓದಿದೆ. ರಾತ್ರಿ ಬಟ್ಟೆಯ ದಾರ ಬಿಗಿ ಕಟ್ಟುತ್ತಿದ್ದರು ಅಂತ ಇನ್ನೊಂದು ಕಡೆ. ಇವು?

ಹಳೇಪುಟ:
ಎರಡೂ ಆಮೇಲೆ ಹೊಂದಿಸಿದ ವಿವರಣೆಗಳು. ಟೈಟ್ ಅನ್ನುವುದಕ್ಕೆ ಒಂದು ಕಾರಣ ಬೇಕು, ಹುಳು ಅನ್ನುವುದಕ್ಕೂ ಒಂದು ಕಾರಣ ಬೇಕು, ಎರಡನ್ನೂ ಸೇರಿಸಿ ಹೊಲಿದಿದ್ದಾರೆ. ಆದರೆ ಟೈಟ್ ಹುಳುವಿಲ್ಲದೆಯೇ ಬಂದಿದೆಯಲ್ಲ.

ಹುಳುವಿನ ಬಗ್ಗೆ ಒಂದು ಸ್ವಾರಸ್ಯ ಹೇಳಲೇಬೇಕು. 1535ರಲ್ಲಿ ಮೈಲ್ಸ್ ಕವರ್‌ಡೇಲ್ ಇಂಗ್ಲಿಷಿಗೆ ತಂದ ಬೈಬಲಿನಲ್ಲಿ 91ನೇ ಕೀರ್ತನೆಯ 5ನೇ ವಚನ ನೋಡಿ. ರಾತ್ರಿಯ ‘ಬಗ್ಸ್’ಗೆ ನೀನು ಹೆದರಬೇಕಾಗಿಲ್ಲ ಅಂತಿದೆ! ಇದರಿಂದ ಆ ಬೈಬಲಿಗೆ ‘ಬಗ್ ಬೈಬಲ್’ ಅಂತಲೇ ಅಡ್ಡಹೆಸರು ಬಿತ್ತು. ಆಗ ಬಗ್ ಅಂದರೆ ಹುಳು ಅಲ್ಲ, ದೆವ್ವ, ಗುಮ್ಮ. ಹುಳು ಅನ್ನೋ ಅರ್ಥ ಬಂದಿದ್ದು 17ನೇ ಶತಮಾನದಲ್ಲಿ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಅದೇ ವಚನದಲ್ಲಿ ‘ಟೆರರ್’ ಅಂತ ಇದೆ.

ಹಳೇಮನೆ:
ಅಬ್ಬಾ! ಹಾಗಾದರೆ ‘ಬೆಡ್‌ಬಗ್ಸ್ ಕಚ್ಚದಿರಲಿ’ ಅನ್ನೋದು ಮೂಲದಲ್ಲಿ ‘ರಾತ್ರಿ ದೆವ್ವ ಹತ್ತಿರ ಬಾರದಿರಲಿ’ ಅನ್ನೋ ಪ್ರಾರ್ಥನೆ ಇರಬಹುದಲ್ಲ? ರಾತ್ರಿ, ಹಾಸಿಗೆ, ಬಗ್, ಎಲ್ಲ ಕೂಡಿಬರುತ್ತಿದೆ.

ಹಳೇಪುಟ:
ಕೂಡಿಬಂದ ಹಾಗೆ ಕಾಣುತ್ತದೆ ಸರ್, ನನಗೂ ಆಸೆ ಆಗುತ್ತದೆ. ಆದರೆ ನಡುವೆ ಸುಮಾರು 350 ವರ್ಷದ ಅಂತರ ಇದೆ. 1880ರ ಅಮೆರಿಕದಲ್ಲಿ ಹಾಸಿಗೆಯ ಬಗ್ ಅಂದರೆ ಎಲ್ಲರಿಗೂ ಗೊತ್ತಿದ್ದ, ಮೈ ತುರಿಸುವ ಹುಳುವೇ. ಕಚ್ಚುವುದು ಅಂತ ಬೇರೆ ಹೇಳಿದ್ದಾರೆ. ಎರಡು ದಡ ಕಂಡ ಕೂಡಲೇ ಸೇತುವೆ ಇತ್ತು ಅನ್ನೋಕಾಗಲ್ಲ. ಹಗ್ಗದ ಕಥೆ ಹುಟ್ಟಿದ್ದೂ ಹೀಗೇ ಅಲ್ವಾ? ಮಂಚದಲ್ಲಿ ಹಗ್ಗ ಇತ್ತು, ಮಾತಿನಲ್ಲಿ ಟೈಟ್ ಇತ್ತು.

ಹಳೇಮನೆ:
ಇದು ಒಪ್ಪುವ ಮಾತು. ಆದರೂ ಮ್ಯೂಸಿಯಂನ ಗೈಡ್‌ಗಳ ಪರವಾಗಿ ಒಂದು ಹೇಳುತ್ತೇನೆ. ಆ ಕಥೆಯ ನೆಪದಲ್ಲಿ ಜನ ಮಂಚದ ಕೆಳಗೆ ಬಗ್ಗಿ ಹಗ್ಗ ನೋಡುತ್ತಾರೆ, ಬೆಡ್ ಕೀ ಕೈಯಲ್ಲಿ ಹಿಡಿಯುತ್ತಾರೆ. ಹಗ್ಗದ ಮಂಚ ಇತ್ತು ಅಂತ ಗೊತ್ತಾಗುವುದೇ ಅದರಿಂದ.

ಪದಬೇಟೆ:
ಅದನ್ನು ಧಾರಾಳವಾಗಿ ತೋರಿಸಲಿ. ‘ಇದರಿಂದ ಈ ಮಾತು ಬಂತು’ ಅನ್ನೋದೊಂದನ್ನು ಬಿಟ್ಟರೆ ಸಾಕು.

ಬೀಳ್ಕೊಡುವ ಮಾತುಗಳು ತೀರಾ ಸವೆದಿರುತ್ತವೆ. ಅದಕ್ಕೇ ಅವುಗಳ ಮೂಲ ಮರೆತುಹೋಗುತ್ತದೆ. ‘ಗುಡ್‌ಬೈ’ ನೋಡಿ. ‘ಗಾಡ್ ಬಿ ವಿತ್ ಯೀ’, ದೇವರು ನಿನ್ನ ಜೊತೆ ಇರಲಿ ಅನ್ನೋದು ಸವೆದು ಸವೆದು ಹಾಗಾಯಿತು. 1573ರಲ್ಲಿ ಗೇಬ್ರಿಯಲ್ ಹಾರ್ವಿ ಬರೆದ ಕಾಗದದಲ್ಲಿ ಅದು ಅರ್ಧ ಸವೆದ ರೂಪದಲ್ಲಿ ಕಾಣುತ್ತದೆ. ಅಲ್ಲಿ ಒಂದೊಂದು ಹೆಜ್ಜೆಗೂ ಕಾಗದದ ಸಾಕ್ಷಿ ಇದೆ. ಹಗ್ಗಕ್ಕೆ ಅಂಥ ಒಂದು ಹೆಜ್ಜೆಯೂ ಇಲ್ಲ.

ಇಂಗ್ಲಿಷ್ ಟೀಚರ್:
ಎಲ್ಲರಿಗೂ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಕ್ಲಾಸಿನಲ್ಲಿ ಹೀಗೆ ಮಾಡೋಣ ಅಂತಿದ್ದೇನೆ. ಮೊದಲು ‘ಫಾಸ್ಟ್ ಅಸ್ಲೀಪ್’ ಬರೆದು, ಇಲ್ಲಿ ಯಾರು ಓಡುತ್ತಿದ್ದಾರೆ ಅಂತ ಕೇಳುತ್ತೇನೆ. ಅವರೇ ಯೋಚಿಸಲಿ. ಆಮೇಲೆ ‘ಸ್ಲೀಪ್ ಟೈಟ್’. ಹಗ್ಗದ ಮಂಚದ ಚಿತ್ರವನ್ನೂ ತೋರಿಸುತ್ತೇನೆ, ಜನ ಹೀಗೆ ಹೇಳುತ್ತಾರೆ, ನಿಮಗೆ ನಂಬಿಕೆ ಬರುತ್ತಾ ಅಂತ ಕೇಳುತ್ತೇನೆ. ಕೊನೆಗೆ ಎಪ್ಸ್ ಅವರ ದಿನಚರಿಯ ಸಾಲು. ಮಕ್ಕಳೂ ತಮ್ಮ ನೋಟ್‌ಬುಕ್ಕಿಗೆ ಒಂದು ಸಾಲು ಬರೆದು ಮಲಗಿಸಲಿ. 1866 ಅಂತ ಬೋರ್ಡಿನ ಮೇಲೆ ಧೈರ್ಯವಾಗಿ ಬರೆಯಬಹುದಾ?

ಹಳೇಪುಟ:
ಬರೆಯಿರಿ ಮೇಡಂ. ಆದರೆ ಪಕ್ಕದಲ್ಲೇ 1926 ಅಂತಲೂ ಬರೆಯಿರಿ. ಆ ದಿನಚರಿ ಪುಸ್ತಕವಾಗಿ ಅಚ್ಚಾಗಿದ್ದು 1926ರಲ್ಲಿ, 60 ವರ್ಷದ ಮೇಲೆ. ಹಳೇ ದಿನಚರಿಯನ್ನು ಅಚ್ಚಿಗೆ ಕೊಡುವಾಗ ಬರೆದವರು ಕೈಯಾಡಿಸುವುದು ಇದ್ದದ್ದೇ. ಅದಕ್ಕೆ ಆ ತಾರೀಕಿನ ಮೇಲೆ ಪೂರ್ತಿ ಭಾರ ಹಾಕಬೇಡಿ. ಅಚ್ಚಾದ ವರ್ಷವನ್ನೇ ಹಿಡಿಯುವುದಾದರೆ 1884ರ ದೋಣಿ ಪ್ರವಾಸದ ಪುಸ್ತಕ ಗಟ್ಟಿ. ಬರೆದ ವರ್ಷ, ಅಚ್ಚಾದ ವರ್ಷ ಯಾಕೆ ಬೇರೆ ಅಂತ ಐದನೇ ಕ್ಲಾಸಿನ ಮಕ್ಕಳಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ, ಕೇಳಿ ನೋಡಿ.

ಇಂಗ್ಲಿಷ್ ಟೀಚರ್:
ಸರಿ ಸರ್, ಮೂರೂ ಇಸವಿ ಬರೆಯುತ್ತೇನೆ. ಮರಗೆಲಸ ಸರ್, ಆ ಬೆಡ್ ಕೀಯ ಒಂದು ಫೋಟೋ ಇದ್ದರೆ ಇಲ್ಲಿ ಹಾಕ್ತೀರಾ?

ಮರಗೆಲಸ:
ಇದೆ ಮೇಡಂ. ಸಂಜೆ ಕೆಲಸ ಮುಗಿಸಿ ಹಾಕುತ್ತೇನೆ. ಬೆಣೆ, ಕೊಡತಿ ಎರಡನ್ನೂ ಪಕ್ಕದಲ್ಲಿಟ್ಟು ತೆಗೆದದ್ದು.